ದುಡ್ಡು ಕೊಟ್ಟ ದಸರಾ, ಕೊಡದ ದಸರಾ

13 ಅಕ್ಟೋಬರ್ 2024, ಭಾನುವಾರ
ಮೈಸೂರು

ಈ ದಸರೆಯಲ್ಲಿ ಮಕ್ಕಳಿಗೆ ಅಂತಲೇ ಆದ ಖರ್ಚು ಏಳು ಸಾವಿರದ ಹತ್ತಿರ ಬಂತು. ಬಟ್ಟೆ, ಸಿಹಿ ಇದರಲ್ಲಿ ಸೇರಿಲ್ಲ. ಬರೀ ಆಕ್ಟಿವಿಟಿ. ಮಕ್ಕಳು ಇಬ್ಬರೇ. ನನ್ನ ಮಗಳು ಪುಟ್ಟಿ, ಮೂರನೇ ಕ್ಲಾಸು. ರಜೆಗೆ ಅಂತ ಬೆಂಗಳೂರಿನಿಂದ ಬಂದಿದ್ದ ತಂಗಿ ಮಗ, ಅವನಿನ್ನೂ ಯುಕೆಜಿ. ಮೊತ್ತ ಕೇಳಿ ಯಜಮಾನರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಬೈಯುವುದೇ ಹಾಗೆ.

ಎಲ್ಲಾ ದಂಡ ಅಂತ ನನಗೇನೂ ಅನಿಸುತ್ತಿಲ್ಲ. ಕೆಲವಕ್ಕೆ ಕೊಟ್ಟಿದ್ದು ಸಾರ್ಥಕ. ಕೆಲವನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಯಾವುದು ಯಾವುದು ಅಂತ ಇಲ್ಲಿ ಬರೆದಿಡುತ್ತೇನೆ, ಮುಂದಿನ ವರ್ಷದ ಹೊತ್ತಿಗೆ ಮರೆತಿರುತ್ತೆ.

ಹೊಟ್ಟೆ ಉರಿದಿದ್ದು ಮೊದಲು. ನಮ್ಮ ಕಡೆಯ ಒಂದು ಆಕ್ಟಿವಿಟಿ ಸೆಂಟರಿನಲ್ಲಿ 'ದಸರಾ ಗೊಂಬೆ ಕಾರ್ಯಾಗಾರ' ಇತ್ತು. ಎರಡು ಗಂಟೆ, ತಲೆಗೆ 1,200 ರೂಪಾಯಿ. ಪಾಂಪ್ಲೆಟ್ ನೋಡಿ ತಂಗಿಯೇ ಇಬ್ಬರ ಹೆಸರನ್ನೂ ಬರೆಸಿದಳು. ಹೋಗಿ ನೋಡಿದರೆ ಗೊಂಬೆ ಮಾಡುವ ಕೆಲಸ ಅಲ್ಲಿ ಇರಲೇ ಇಲ್ಲ. ಅಚ್ಚಿನಲ್ಲಿ ತೆಗೆದ ಬಿಳೀ ಪ್ಲಾಸ್ಟರ್ ಆನೆಗಳನ್ನು ಸಾಲಾಗಿ ಇಟ್ಟಿದ್ದರು. ಮಕ್ಕಳು ಬಣ್ಣ ಹಚ್ಚಬೇಕು, ಅಷ್ಟೇ. ಕಣ್ಣು ಮೊದಲೇ ಬರೆದಿತ್ತು! ಪುಟ್ಟಿ ತನ್ನ ಆನೆಗೆ ಹಸಿರು ಬಣ್ಣ ಶುರು ಮಾಡಿದಳು. ಕಾಡಿನಿಂದ ಬಂದಿದೆ ಅಲ್ವಾ, ಅದಕ್ಕೆ. ಮಿಸ್ ಬಂದು, ತುಂಬಾ ಪ್ರೀತಿಯಿಂದಲೇ, "ಆನೆ ಗ್ರೇ ಇರುತ್ತೆ ಪುಟ್ಟಾ, ಗ್ರೇ ಹಚ್ಚೋಣ" ಅಂದು ಬ್ರಷ್ ತಗೊಂಡು ಹಸಿರಿನ ಮೇಲೆ ಎಳೆದೇಬಿಟ್ಟರು. ಸಂಜೆ ಗ್ರೂಪಿನಲ್ಲಿ ಫೋಟೋ ಬಂತು. ಮೇಜಿನ ಉದ್ದಕ್ಕೂ ಬೂದು ಬಣ್ಣದ ಆನೆಗಳು, ಯಾವುದು ಯಾರದ್ದು ಅಂತ ಹೆತ್ತವರಿಗೂ ಗೊತ್ತಾಗುವ ಹಾಗಿಲ್ಲ. ಪುಟ್ಟಿ ಫೋನನ್ನು ಹತ್ತಿರ ಹಿಡಿದು ಹುಡುಕಿದಳು. ಒಂದು ಆನೆಯ ಕಿವಿ ಹಿಂದೆ ಚೂರು ಹಸಿರು ಉಳಿದಿತ್ತು. "ಇದೇ ನಂದು" ಅಂದಳು.

ಆ 1,200 ಯಾತಕ್ಕೆ ಹೋಯಿತು ಅಂತ ಯೋಚಿಸಿದೆ. ಪ್ಲಾಸ್ಟರ್ ಆನೆ, ನಾಲ್ಕು ಬಾಟಲಿ ಬಣ್ಣ, ಜ್ಯೂಸ್ ಪ್ಯಾಕೆಟ್ಟು, ಸರ್ಟಿಫಿಕೇಟು. ಇನ್ನೂರು ಮುನ್ನೂರರ ಮಾಲು. ಮಿಕ್ಕಿದ್ದು ಹೋಗಿದ್ದು ಅಪ್ಪ ಅಮ್ಮಂದಿರ ಎರಡು ಗಂಟೆಗೆ ಮತ್ತು ಆ ಫೋಟೋಗೆ. ಎರಡು ಗಂಟೆ ಬಿಡುವಿಗೆ ದುಡ್ಡು ಕೊಡುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಆವತ್ತು ನಾನೂ ತಂಗಿಯೂ ಪಕ್ಕದ ದರ್ಶಿನಿಯಲ್ಲಿ ಕೂತು ಎರಡೆರಡು ಕಾಫಿ ಕುಡಿದೆವು. ಮಕ್ಕಳ ಗಲಾಟೆ ಇಲ್ಲದೆ ಮಾತಾಡಿ ಎಷ್ಟು ಕಾಲವಾಗಿತ್ತೋ. ಆದರೆ ಅದನ್ನು ಹಬ್ಬ ಅಂತ, ಸಂಸ್ಕೃತಿ ಅಂತ ಯಾಕೆ ಮಾರಬೇಕು? 'ಮಕ್ಕಳನ್ನು ನೋಡಿಕೊಳ್ಳುತ್ತೇವೆ, ನೀವು ಕಾಫಿ ಕುಡಿದು ಬನ್ನಿ' ಅಂತ ಬೋರ್ಡು ಹಾಕಿದ್ದರೆ ಖುಷಿಯಿಂದ ಕೊಡುತ್ತಿದ್ದೆ.

ಕಾರ್ಯಾಗಾರ ಅಂದರೆಲ್ಲ ಹೀಗೇ ಅಂತಲೂ ಅಲ್ಲ. ಹೋದ ತಿಂಗಳು ಗಣೇಶನ ಹಬ್ಬದ ಹಿಂದಿನ ವಾರ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಮಣ್ಣಿನ ಗಣಪತಿ ಮಾಡಿಸಿದ್ದರಂತೆ. ತಲೆಗೆ 600 ರೂಪಾಯಿ. ಕಲಿಸಲು ಬಂದಿದ್ದವರು ಪಾಟರಿ ಟೌನಿನ ಕುಂಬಾರರು. ಮಣ್ಣಿನ ಉಂಡೆ ಕೈಗೆ ಕೊಟ್ಟು ಮೊದಲು ಚೆನ್ನಾಗಿ ನಾದಿ ಅಂದರಂತೆ. ಅರ್ಧ ಗಂಟೆ ಬರೀ ಅದೇ. ಹುಡುಗ ಮಾಡಿದ ಗಣಪನಿಗೆ ಸೊಂಡಿಲು ನಿಲ್ಲಲಿಲ್ಲ, ಎರಡು ಸಲ ಕಳಚಿ ಬಿತ್ತು. ಕೊನೆಗೆ ಹೊಟ್ಟೆಗೇ ಅಂಟಿಸಿಬಿಟ್ಟ. ಆ ಗಣಪನನ್ನೇ ಕೂರಿಸಿ, ಬಕೆಟ್‌ನಲ್ಲಿ ಬಿಟ್ಟು, ಕರಗಿದ ಮಣ್ಣನ್ನು ತುಳಸಿ ಕುಂಡಕ್ಕೆ ಹಾಕಿದರಂತೆ. ಪಿಒಪಿ ಗಣೇಶನನ್ನು ರಾಜ್ಯದಲ್ಲಿ ನಿಷೇಧಿಸಿ ವರ್ಷಗಳೇ ಆದವು, ಆದರೂ ಅಂಗಡಿಗಳಲ್ಲಿ ಅದು ಪೂರ್ತಿ ಮಾಯವಾಗಿಲ್ಲ. ಈ ಹುಡುಗ ಇನ್ನು ಅಂಥ ಗಣಪನ ಮುಂದೆ ನಿಂತರೆ ಗುರುತು ಹಿಡಿಯುತ್ತಾನೆ. ಮಣ್ಣಿನದಾದರೆ ಮೂತಿ ಸೊಟ್ಟಗಿರಬೇಕು, ಅದು ಅವನ ಪರೀಕ್ಷೆ. ಆ 600 ರೂಪಾಯಿಗೆ ನನ್ನ ತಕರಾರೇ ಇಲ್ಲ. ಅದು ಕಸುಬು ಗೊತ್ತಿರುವವರ ಕೈಗೆ ಹೋಯಿತು. ನಮಗ್ಯಾರಿಗೂ ಬಾರದ್ದನ್ನು ಅವರು ಕಲಿಸಿದರು.

ಇನ್ನೊಂದು ಸಾರ್ಥಕ ಖರ್ಚು ಅಂಬಾರಿ ಡಬಲ್ ಡೆಕ್ಕರ್ ಬಸ್ಸು. ಬುಕ್ ಮಾಡುವಾಗ ನನಗೆ ಮನಸ್ಸಿರಲಿಲ್ಲ. ಹುಟ್ಟಿ ಬೆಳೆದ ಊರಿನ ದೀಪ ನೋಡಲು ಟಿಕೆಟ್ ಬೇರೆ ತಗೋಬೇಕಾ? ಆದರೆ ಮೂರಡಿ ಎತ್ತರದಿಂದ ದಸರಾ ಹೇಗೆ ಕಾಣುತ್ತೆ ಅಂತ ಒಂದು ಸಲ ಕೂತು ನೋಡಿ. ಪ್ಯಾಂಟು, ಸೀರೆ ನೆರಿಗೆ, ಬಲೂನ್ ಮಾರುವವನ ಚಪ್ಪಲಿ, ಅಷ್ಟೇ. ಕೆ.ಆರ್. ವೃತ್ತದ ಜನಜಂಗುಳಿಯಲ್ಲಿ ತಂಗಿ ಮಗ "ದೊಡ್ಡಮ್ಮಾ, ದೀಪ ಎಲ್ಲಿ?" ಅಂತ ಕೇಳಿದ್ದ. ತಲೆ ಮೇಲೆಯೇ ಸಾವಿರಾರು ದೀಪ ಇದ್ದವು! ಬಸ್ಸಿನ ತೆರೆದ ಮಹಡಿಯಲ್ಲಿ ಕೂತಾಗ ಅದೇ ದೀಪದ ತೋರಣ ಅವನ ಮೂಗಿನ ಮಟ್ಟಕ್ಕೆ ಬಂತು. ಇಳಿಯುವ ತನಕ ಅವನು ಬಾಯಿ ಮುಚ್ಚಲಿಲ್ಲ. ಮಹಡಿ ಸೀಟಿಗೆ ಕೆಳಗಿನದಕ್ಕಿಂತ ಜಾಸ್ತಿ. ಮಕ್ಕಳಿದ್ದರೆ ಮಹಡಿಯದನ್ನೇ ತಗೊಳ್ಳಿ, ಕೆಳಗೆ ಕೂತರೆ ಅದು ಬರೀ ಬಸ್ಸು.

ವಸ್ತುಪ್ರದರ್ಶನದ ಬಗ್ಗೆ ಹೆಚ್ಚೇನಿಲ್ಲ. ಚಾಮರಾಜ ಒಡೆಯರ ಕಾಲದಿಂದ ನಡೆದು ಬಂದಿದೆ, ನಮ್ಮಜ್ಜಿಯೂ ಹೋಗಿದ್ದರು, ನಾವೂ ಹೋಗುತ್ತೇವೆ. ಗೇಟಿನ ಟಿಕೆಟ್ ಹೊರೆಯಲ್ಲ, ಒಳಗಿನ ಆಟಗಳಿಗೇ ಜೇಬು ಖಾಲಿ. ಡೆಲ್ಲಿ ಹಪ್ಪಳ ಮುಖಕ್ಕಿಂತ ದೊಡ್ಡದಿತ್ತು. ಜೈಂಟ್ ವ್ಹೀಲ್ ಹತ್ತಿದ ಪುಟ್ಟಿ ಮೇಲಿನಿಂದ ಅರಮನೆ ನೋಡಿದಳು. ಕೊಲಂಬಸ್ ಹತ್ತಿ ಹಪ್ಪಳ ವಾಪಸ್ ಕೊಟ್ಟಳು. ಮುಗಿಯಿತು.

ಈಗ ದುಡ್ಡು ಕೊಡದ ದಸರಾಗೆ ಬರುತ್ತೇನೆ. ಪುಟ್ಟಿಯ ದಸರಾ ಶುರುವಾಗಿದ್ದೇ ಆಗಸ್ಟಿನಲ್ಲಿ, ಆನೆಗಳು ಬಂದಾಗ. ದಿನಾ ಬೆಳಿಗ್ಗೆ, ಸಂಜೆ ಅರಮನೆಯಿಂದ ಬನ್ನಿಮಂಟಪದ ತನಕ ಹತ್ತಿರ ಹತ್ತಿರ ಐದು ಕಿಲೋಮೀಟರು ತಾಲೀಮು ನಡೆಯುತ್ತೆ. ಮೊದಲು ಬರಿ ಬೆನ್ನು, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಹಂತ ಹಂತವಾಗಿ ಭಾರ ಏರಿಸುತ್ತಾರೆ, ಯಾಕಂದರೆ ವಿಜಯದಶಮಿ ದಿನ ಹೊರಬೇಕಾದ ಚಿನ್ನದ ಅಂಬಾರಿ 750 ಕಿಲೋ. ಭಾನುವಾರ ಬೆಳಿಗ್ಗೆ ಯಜಮಾನರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ನಿಲ್ಲುತ್ತಿದ್ದರು. ಟಿಕೆಟ್ ಇಲ್ಲ, ನೂಕುನುಗ್ಗಲೂ ಇಲ್ಲ. ಆನೆ ಕಣ್ಣಮುಂದೆಯೇ ಹಾದು ಹೋಗುತ್ತೆ, ಉಸಿರು ಬಿಡುವುದೂ ಕೇಳುತ್ತೆ.

ಅವಳಿಗೆ ಎಲ್ಲಾ ಆನೆಗಳ ಹೆಸರು ಬಾಯಿಪಾಠ. 2020ರಿಂದ ಅಂಬಾರಿ ಹೊರುತ್ತಿರುವವನು ಅಭಿಮನ್ಯು, ಅವನಿಗಿಂತ ಮೊದಲು ಅರ್ಜುನ. ಹೋದ ಡಿಸೆಂಬರಿನಲ್ಲಿ ಕಾಡಾನೆ ಜೊತೆಗಿನ ಕಾದಾಟದಲ್ಲಿ ಅರ್ಜುನ ತೀರಿಕೊಂಡಾಗ ಇವಳು ರಾತ್ರಿ ಊಟ ಮಾಡಿರಲಿಲ್ಲ. ಕಳೆದ ತಿಂಗಳು ಧನಂಜಯ ಮತ್ತು ಕಂಜನ್ ಜಗಳಕ್ಕೆ ಬಿದ್ದು, ಕಂಜನ್ ಅರಮನೆ ಗೇಟು ದಾಟಿ ರಸ್ತೆಗೆ ಓಡಿ ಬಂದ ಸುದ್ದಿಯನ್ನು ಅವಳ ಕ್ಲಾಸಿನವರು ಒಂದು ವಾರ ಚರ್ಚೆ ಮಾಡಿದರಂತೆ. ತಪ್ಪು ಯಾರದ್ದು ಅಂತ ಎರಡು ಪಾರ್ಟಿಯೂ ಆಗಿತ್ತು. ಇವಳು ಕಂಜನ್ ಪಾರ್ಟಿ.

ತಂಗಿ ಗಂಡನಿಗೆ ವಿಜಯದಶಮಿ ಮೆರವಣಿಗೆಯನ್ನು ಕುರ್ಚಿಯಲ್ಲಿ ಕೂತು ನೋಡುವ ಪಾಸು, ಗೋಲ್ಡ್ ಕಾರ್ಡ್, ಬೇಕಿತ್ತು. ಒಂದಕ್ಕೆ ಆರು ಸಾವಿರಕ್ಕೂ ಜಾಸ್ತಿ, ನಾಲ್ಕು ಜನಕ್ಕೆ ಅಂದರೆ ಯೋಚಿಸಬೇಕಾದ ದುಡ್ಡು. ಬೇಡ ಅಂತ ನಾನೇ ತಡೆದೆ. ದೂರದಿಂದ ವಯಸ್ಸಾದವರನ್ನು ಕರೆದುಕೊಂಡು ಜೀವನದಲ್ಲಿ ಒಂದು ಸಲ ಬರುವವರು ಖಂಡಿತ ತಗೋಬೇಕು. ನೆರಳು, ಕುರ್ಚಿ, ಶೌಚಾಲಯ, ಇವಕ್ಕೆ ಬೆಲೆ ಕಟ್ಟೋಕಾಗಲ್ಲ. ಯುಕೆಜಿ ಹುಡುಗನ ವಿಷಯ ಬೇರೆ. ಮೊದಲು ಒಂದೊಂದಾಗಿ ಜಿಲ್ಲೆಗಳ ಸ್ತಬ್ಧಚಿತ್ರ, ಕಲಾತಂಡಗಳು, ಎಲ್ಲಾ ಆದ ಮೇಲೆ ಅಂಬಾರಿ. ಅವನು ಅಪ್ಪನ ಹೆಗಲೇರಿ ನಿನ್ನೆ ಮಧ್ಯಾಹ್ನದಿಂದ ರಸ್ತೆ ಬದಿ ಕಾದ. ಡೊಳ್ಳು ಬಂದಾಗ ಕುಣಿದ. ಅಂಬಾರಿ ಬರುವ ಹೊತ್ತಿಗೆ ಜೊಲ್ಲು ಸುರಿಸಿಕೊಂಡು ನಿದ್ದೆ. ಗೋಲ್ಡ್ ಕಾರ್ಡ್ ಇದ್ದಿದ್ದರೂ ಅದೇ ನಿದ್ದೆ ಮಾಡುತ್ತಿದ್ದ.

ಇಡೀ ಹಬ್ಬದಲ್ಲಿ ಮಕ್ಕಳು ಮುಳುಗಿಹೋಗಿದ್ದು ನಮ್ಮ ನಡುಮನೆಯ ಗೊಂಬೆ ಹತ್ತಿರ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ ಮೇಲಿನ ಪಡಿಯಲ್ಲಿ, ಅದರ ಕೆಳಗೆ ದೇವರುಗಳು, ಅಕ್ಕಿ ಬೇಳೆ ಅಂಗಡಿ ಇಟ್ಟುಕೊಂಡ ಶೆಟ್ಟರ ದಂಪತಿ, ಮದುವೆ ದಿಬ್ಬಣ. ಅದೆಲ್ಲ ನಂದು. ನೆಲದ ಮೇಲಿನ ಪಾರ್ಕು ಮಾತ್ರ ಮಕ್ಕಳದ್ದು, ನಾನು ಕೈ ಹಾಕೋ ಹಾಗಿಲ್ಲ. ಹಬ್ಬಕ್ಕೆ ಒಂದು ವಾರ ಮುಂಚೆ ಪುಟ್ಟಿ ತಟ್ಟೆಗೆ ಮಣ್ಣು ಹಾಕಿ ರಾಗಿ ಚೆಲ್ಲಿದ್ದಳು. ಪಾಡ್ಯದ ಹೊತ್ತಿಗೆ ಬೆರಳುದ್ದ ಹಸಿರು ಬಂದಿತ್ತು. ನನ್ನ ಹಳೇ ಪೌಡರ್ ಡಬ್ಬಿಯ ಕನ್ನಡಿ ಕೆರೆಯಾಯಿತು. ಬೆಂಕಿಪೊಟ್ಟಣದಿಂದ ಟಿಕೆಟ್ ಕೌಂಟರು. ತಂಗಿ ಮಗ ರಾಗಿ ಪೈರಿನೊಳಗೆ ಡೈನೋಸಾರ್ ನಿಲ್ಲಿಸಿದ. "ದಸರಾದಲ್ಲಿ ಡೈನೋಸಾರ್ ಇರಲ್ಲ ಕಣೋ" ಅಂತ ಪುಟ್ಟಿ ಜಗಳ ತೆಗೆದಳು. ಕೊನೆಗೆ ಡೈನೋಸಾರಿಗೆ ಅರಿಶಿನ ಕುಂಕುಮ ಇಟ್ಟು ರಾಜಿಯಾದರು. ದಿನಕ್ಕೊಂದು ಸಲ ಊರು ಬದಲಾಗುತ್ತಿತ್ತು. ಕೆರೆ ಜಾಗ ಬದಲಾಯಿಸಿತು, ರಸ್ತೆ ಅಗಲವಾಯಿತು, ಒಂದು ದಿನ ಶೆಟ್ಟರ ಅಂಗಡಿಯಿಂದ ಬೇಳೆ ಕಳ್ಳತನವೂ ಆಯಿತು.

ಅದರಲ್ಲಿದ್ದ ಚನ್ನಪಟ್ಟಣದ ಬಂಡಿ, ಬುಗುರಿಗಳು ಹಳೆಯವು, ತಂಗಿಯೂ ನಾನೂ ಆಡಿದ್ದವು. ಮೊದಲೆಲ್ಲ ಬೆಂಗಳೂರಿಗೆ ಹೋಗಿ ಬರುವಾಗ ಕಾರು ನಿಲ್ಲಿಸಿದರೆ ಒಂದಾದರೂ ಬೊಂಬೆ ಕೊಳ್ಳುತ್ತಿದ್ದೆವು. ಹೊಸ ಎಕ್ಸ್‌ಪ್ರೆಸ್‌ವೇ ಆದಮೇಲೆ ಚನ್ನಪಟ್ಟಣ ಪಕ್ಕಕ್ಕೆ ಸರಿದುಹೋಯಿತು. ಎರಡು ಪ್ಲಾಸ್ಟರ್ ಆನೆಯ ದುಡ್ಡಿಗೆ ಅರಗಿನ ಬಣ್ಣದ ಮರದ ಬೊಂಬೆಗಳು ಒಂದು ಚೀಲ ಬರುತ್ತಿದ್ದವು ಅಂತ ತಂಗಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳದ ಹಾಗೆ ಎದ್ದು ಹೋದಳು.

ಸಂಜೆಯಾದರೆ ಬೀದಿ ಮಕ್ಕಳ ಸವಾರಿ. "ಆಂಟೀ, ಗೊಂಬೆ ಕೂರ್ಸಿದ್ದೀರಾ?" ನಮ್ಮ ಕಾಲದಲ್ಲಿ ಆಂಟಿ ಅನ್ನುತ್ತಿರಲಿಲ್ಲ, ಉಳಿದಂತೆ ಪ್ರಶ್ನೆ ಅದೇ. ಬಂದವರಿಗೆ ಗೊಂಬೆ ಬಾಗಿನ ಕೊಡಬೇಕು. ಒಂದು ದಿನ ಕೋಡುಬಳೆ, ಒಂದು ದಿನ ರವೆ ಉಂಡೆ, ಮೈಗಳ್ಳತನದ ದಿನ ಕಡಲೆ ಉಸಲಿ. ಇವರಿಬ್ಬರೂ ಡಬ್ಬಿ ಹಿಡಿದು ಬೀದಿ ಸುತ್ತಿ, ಯಾರ ಮನೆಯಲ್ಲಿ ಏನು ಕೊಟ್ಟರು ಅಂತ ಪೂರ್ತಿ ವರದಿ ತರುತ್ತಿದ್ದರು. ಮೂಲೆ ಮನೆಯವರು ಬಿಸ್ಕತ್ತು ಕೊಟ್ಟಿದ್ದಕ್ಕೆ ಭಾರೀ ಅಸಮಾಧಾನ. ಆದರೆ ನಮ್ಮ ಬೀದಿಯಲ್ಲಿ ಗೊಂಬೆ ಕೂರಿಸುವ ಮನೆ ವರ್ಷಕ್ಕೆ ಒಂದಾದರೂ ಕಮ್ಮಿಯಾಗುತ್ತಿದೆ. ಅಜ್ಜಿ ತೀರಿಕೊಂಡರೆ ಪೆಟ್ಟಿಗೆ ಅಟ್ಟ ಸೇರುತ್ತೆ.

ಇದನ್ನೇ ಹಿಡಿದುಕೊಂಡು ತಂಗಿಗೆ ಉಪದೇಶ ಶುರು ಮಾಡಿದೆ. ಇಷ್ಟೆಲ್ಲಾ ಪುಕ್ಕಟೆ ಇರುವಾಗ ಆ ಬೂದು ಆನೆ ಯಾಕೆ ಬೇಕಿತ್ತು ಅಂತ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ತಿರುಗಿದಳು.

"ಪುಕ್ಕಟೆ ಯಾವುದು ಅಕ್ಕಾ? ನಿನ್ನ ರಜೆ ಲೆಕ್ಕಕ್ಕಿಲ್ವಾ? ಕೋಡುಬಳೆಗೆ ಹಿಟ್ಟು ಕಲಸಿದ್ದು ಯಾರು? ಒಂಬತ್ತು ದಿನ ಮನೆ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದು ಯಾರು? ನಾನಿರೋದು ಹದಿನಾಲ್ಕನೇ ಮಹಡಿ. ಇಬ್ಬರೂ ಆಫೀಸಿಂದ ಬರೋದು ಎಂಟು ಗಂಟೆಗೆ. ಪಕ್ಕದ ಮನೆ ಬೆಲ್ ಒತ್ತಬೇಕಾದರೆ ಮೊದಲು ಮೆಸೇಜ್ ಹಾಕಬೇಕು. ಅವನು ಡಬ್ಬಿ ಹಿಡಿದು ಎಲ್ಲಿಗೆ ಹೋಗ್ತಾನೆ, ಲಿಫ್ಟಿಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ರಜೆ ಹಾಕಲು ನನಗೆ ಆಯಿತು, ಹಾಕಿದೆ. ಅವಳಿಗೆ ಆಗುವುದಿಲ್ಲ, 1,200 ಕೊಡುತ್ತಾಳೆ. ಆದರೂ ಸೋಲೊಪ್ಪಲು ಮನಸ್ಸಿಲ್ಲದೆ, ಕೊಡುವುದಾದರೆ ಮಣ್ಣು ನಾದಿಸಿದ ಆ ಕುಂಬಾರರಂಥವರಿಗೆ ಕೊಡು, ಕಣ್ಣು ಬರೆದಿಟ್ಟ ಆನೆಗೆ ಬೇಡ ಅಂದೆ. ಸೇರಿಸುವ ಮೊದಲು ಒಂದು ಪ್ರಶ್ನೆ ಕೇಳು, ಮಗು ಬೇರೆ ಬಣ್ಣ ಹಚ್ಚಿದರೆ ಬಿಡ್ತೀರಾ ಅಂತ. ಇಷ್ಟಕ್ಕೆ ಅವಳೂ ಹೂಂ ಅಂದಳು.

ಅಷ್ಟರಲ್ಲಿ ಅವಳ ಫೋನಿಗೆ ಅದೇ ಸೆಂಟರಿನ ಮೆಸೇಜು. ದೀಪಾವಳಿ ಹಣತೆಗೆ ಬಣ್ಣ ಹಚ್ಚುವ ಕಾರ್ಯಾಗಾರ, 999 ರೂಪಾಯಿ, ಬೇಗ ಹೆಸರು ಬರೆಸಿದರೆ ರಿಯಾಯಿತಿ. ಹಣತೆಗೆ ಎಣ್ಣೆ ಬತ್ತಿ ಹಾಕುವುದು ಬಿಟ್ಟು ಬಣ್ಣ ಯಾಕೆ ಅಂತ ನಾನು ಶುರು ಮಾಡುವ ಮೊದಲೇ ಅವಳು, "ಆಯ್ತು ಬಿಡು, ಹೆಸರು ಬರೆಸಲ್ಲ. ದೀಪಾವಳಿಗೆ ಇವನನ್ನ ನಿಮ್ಮನೇಲೇ ಬಿಟ್ಟು ಹೋಗ್ತೀನಿ. ನಿನ್ನ ಪುಕ್ಕಟೆ ಹಬ್ಬ ಅಲ್ವಾ?" ಅಂದಳು.

ಬರಲಿ ಅಂದಿದ್ದೇನೆ. ಪಟಾಕಿ ಖರ್ಚು ಮಾತ್ರ ಅವರಪ್ಪನದು ಅಂತ ಈಗಲೇ ಮೆಸೇಜ್ ಹಾಕಿಟ್ಟೆ.