ಕಾಯಿಲ್, ಕಾಗದ ಮತ್ತು ಮಿರಾಂಡಾ ಮೇಷ್ಟ್ರು

ಕಳೆದ ಶ್ರಾವಣದಲ್ಲಿ, ಕಾಲೇಜಿನಲ್ಲಿ ನಮಗೆ ಕಾನೂನು ಕಲಿಸಿದ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದದ್ದು ವಾಟ್ಸಾಪ್ ಗುಂಪಿನಲ್ಲಿ. ವರ್ಷಗಟ್ಟಲೆ ಮಾತಾಡದವರೆಲ್ಲ ಅರ್ಧ ಗಂಟೆಯಲ್ಲಿ ಬಂದು ಸೇರಿದರು. ಒಬ್ಬರೂ ಅವರ ಹೆಸರು ಬರೆಯಲಿಲ್ಲ. ಎಲ್ಲರೂ ಬರೆದದ್ದು 'ಮಿರಾಂಡಾ ಮೇಷ್ಟ್ರು' ಅಂತಲೇ. ನಾನೂ ಹಾಗೇ ಬರೆಯುತ್ತೇನೆ.

ಆ ಹೆಸರು ಬಿದ್ದದ್ದು ಅವರದೇ ತಪ್ಪಿನಿಂದ. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಗಂಭೀರವಾಗಿ ಹೇಳುತ್ತಿದ್ದರು: "ನೀನು ಸುಮ್ಮನಿರಬಹುದು. ಬಾಯಿ ಬಿಟ್ಟರೆ ಹೇಳಿದ್ದೆಲ್ಲ ನಿನ್ನ ಮೇಲೇ ತಿರುಗುತ್ತೆ. ವಕೀಲರು ಬೇಕಾ?" ಬೇಕು ಅಂದರೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನನ್ನ ಕಕ್ಷಿದಾರರ ಬಸ್ಸು ಪಂಕ್ಚರ್ ಆಗಿತ್ತು ಸಾರ್" ಅನ್ನುತ್ತಿದ್ದಳು. ಹದಿನೈದು ದಿನದಲ್ಲಿ ಎಂಟು ಬಸ್ಸು ಪಂಕ್ಚರ್ ಆದವು. ಮೇಷ್ಟ್ರು ಎಂಟನ್ನೂ ನಂಬಿದರು.

ಆ ಮಾತು ಅಮೆರಿಕದ ಸುಪ್ರೀಂ ಕೋರ್ಟು 1966ರಲ್ಲಿ ಕೊಟ್ಟ ತೀರ್ಪಿನದು. ಅರಿಜೋನಾದ ಅರ್ನೆಸ್ಟೊ ಮಿರಾಂಡಾ ಎಂಬವನನ್ನು ಪೊಲೀಸರು ಎರಡು ಗಂಟೆ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು. ಸುಮ್ಮನಿರುವ ಹಕ್ಕಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಐದು ಜನ ನ್ಯಾಯಮೂರ್ತಿಗಳು ಅವನ ಕಡೆ, ನಾಲ್ವರು ಆ ಕಡೆ. ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತೆ. ಮೇಷ್ಟ್ರಿಗೆ ಇಷ್ಟವಾದದ್ದು ಆಮೇಲಿನ ಕಥೆ. ಆ ತಪ್ಪೊಪ್ಪಿಗೆ ಬಿಟ್ಟು ಮತ್ತೆ ವಿಚಾರಣೆ ನಡೆಸಿದರು, ಮಿರಾಂಡಾಗೆ ಮತ್ತೆ ಶಿಕ್ಷೆಯಾಯಿತು. ಹೊರಗೆ ಬಂದವನು, ಪೊಲೀಸರು ಓದುವ ಆ ಹಕ್ಕುಗಳ ಕಾರ್ಡಿಗೆ ತಾನೇ ಸಹಿ ಹಾಕಿ ಮಾರುತ್ತಿದ್ದನಂತೆ. "ಹಕ್ಕು ಒಳ್ಳೆಯವರಿಗೆ ಮಾತ್ರ ಅಂತ ತಿಳ್ಕೊಂಡಿದ್ರಾ?" ಅಂತ ಕೇಳಿ, ನಮ್ಮ ಮುಖ ನೋಡಿ ನಗುತ್ತಿದ್ದರು.

ಅವರ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ. ಎರಡು ಮೊಂಡು ಪೆನ್ಸಿಲ್. ಕಾರಣ ಗಿಡಿಯನ್. ಫ್ಲಾರಿಡಾದಲ್ಲಿ 1961ರಲ್ಲಿ ಒಂದು ಪೂಲ್ ರೂಮಿಗೆ ನುಗ್ಗಿ ಕದ್ದ ಅಂತ ಈ ಬಡವನನ್ನು ಹಿಡಿದರು. ವಕೀಲನನ್ನಿಡಲು ದುಡ್ಡಿಲ್ಲ, ಕೋರ್ಟೇ ಕೊಡಲಿ ಅಂದ. ಮರಣದಂಡನೆಯ ಕೇಸಾದರೆ ಮಾತ್ರ ಕೊಡ್ತೀವಿ ಅಂದರು. ಐದು ವರ್ಷ ಜೈಲು. ಅಲ್ಲಿಂದಲೇ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಒಂಬತ್ತೂ ಜನ ನ್ಯಾಯಮೂರ್ತಿಗಳು ಅವನ ಪರ. ಮರುವಿಚಾರಣೆಯಲ್ಲಿ ವಕೀಲರು ಸಿಕ್ಕರು, ಬಿಡುಗಡೆಯಾದ. ನಮ್ಮ ಉತ್ತರಗಳನ್ನೂ ಮೇಷ್ಟ್ರು ಮೊದಲು ಪೆನ್ಸಿಲಿನಲ್ಲೇ ಬರೆಸುತ್ತಿದ್ದರು. ನಾನು ಈಗಲೂ ಕರಡನ್ನು ಹಾಗೇ ಬರೆಯುವುದು. ಜೂನಿಯರ್‌ಗಳು ನಗುತ್ತಾರೆ. ಆದರೆ ಹೈಕೋರ್ಟಿನ ಒಂದೆರಡು ತೀರ್ಪಿನಲ್ಲಿ ನನ್ನ ವಾದ ಇದ್ದ ಹಾಗೇ ಎತ್ತಿ ಬರೆದಿದ್ದಾರೆ, ಅದೂ ಪೆನ್ಸಿಲಿನಿಂದಲೇ ಹುಟ್ಟಿದ್ದು. ಹೇಳಿಕೊಂಡರೆ ತಪ್ಪೇನಿಲ್ಲ, ಅಲ್ವಾ?

ಉಳಿದ ಸಿಲಬಸ್ ನನಗೆ ನೆನಪಿಲ್ಲ. ಕಂಪನಿ ಕಾನೂನು ಯಾರು ಪಾಠ ಮಾಡಿದರು ಅನ್ನುವುದೂ ಮರೆತಿದೆ. ನೆನಪಿರುವುದು ಮೇಷ್ಟ್ರ ಒಂದೇ ಪ್ರಶ್ನೆ: "ಆ ಅಧಿಕಾರ ಎಲ್ಲಿಂದ ಬಂತು?" 1952ರಲ್ಲಿ ಕೊರಿಯಾ ಯುದ್ಧ ನಡೆದಿತ್ತು, ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗುವುದರಲ್ಲಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡರು. ಮೇಷ್ಟ್ರು ಮೇಜು ಕುಟ್ಟಿ, "ದೇಶದ ಅಧ್ಯಕ್ಷ! ಸೇನೆ ಕೈಯಲ್ಲಿದೆ! ಆದರೆ ಆ ಅಧಿಕಾರ ಎಲ್ಲಿಂದ ಬಂತು? ಸಂವಿಧಾನ ಕೊಟ್ಟಿತಾ? ಕಾಂಗ್ರೆಸ್ ಕೊಟ್ಟಿತಾ?" ಅಂದರು. ಹಿಂದಿನ ಬೆಂಚಿನಿಂದ ಒಬ್ಬ, "ಯಾವ ಕಾಂಗ್ರೆಸ್ ಸಾರ್, ಇಂದಿರಾ ಕಾಂಗ್ರೆಸ್ಸಾ?" ಅಂದ. ಮೇಷ್ಟ್ರು ಹೇಳಿದ್ದು ಅಮೆರಿಕದ ಸಂಸತ್ತನ್ನು. ಆವತ್ತಿನ ಪಾಠ ಅಲ್ಲಿಗೇ ಮುಗಿಯಿತು. ಟ್ರೂಮನ್ ಸುಪ್ರೀಂ ಕೋರ್ಟಿನಲ್ಲಿ ಸೋತ ಸಂಗತಿ ತಿಳಿದದ್ದು ಮಾರನೇ ದಿನ.

ಇನ್ನು ನನ್ನ ಕಾಯಿಲ್ ಪ್ರಕರಣ. 1990ರ ಚಳಿಗಾಲ. ಹಾಸ್ಟೆಲಿನಲ್ಲಿ ಹೀಟರ್ ಕಾಯಿಲ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ನನ್ನ ಹತ್ತಿರ ಇತ್ತು. ಮೂರು ದಿನ ಬೆಳಗಿನ ಜಾವ ಒಂದೇ ಹೊತ್ತಿಗೆ ಫ್ಯೂಸ್ ಹಾರಿತು. ನಾಲ್ಕನೇ ದಿನ ವಾರ್ಡನ್ ಬಂದು ನನ್ನ ಟ್ರಂಕ್ ತೆಗೆಸಿದರು. ಪಂಚೆಯಲ್ಲಿ ಸುತ್ತಿಟ್ಟ ಕಾಯಿಲ್ ಸಿಕ್ಕಿತು. ಅಲ್ಲಿಗೆ ಬಿಡಬಹುದಿತ್ತು. ತಳದಲ್ಲಿದ್ದ ಇನ್‌ಲ್ಯಾಂಡ್ ಲೆಟರನ್ನೂ ಎತ್ತಿಕೊಂಡು, ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿ ಓದಿದರು. ಅಮ್ಮನ ಕಾಗದ. "ತಣ್ಣೀರಲ್ಲಿ ಮೀಯಬೇಡ, ನಿನಗೆ ಶೀತ ಆಗುತ್ತೆ. ಅಣ್ಣನ ಕಾಯಿಲ್ ಕಳಿಸಿದ್ದೀನಿ, ಯಾರಿಗೂ ತೋರಿಸಬೇಡ." ಇಡೀ ಹಾಸ್ಟೆಲ್ ನಕ್ಕಿತು. ಒಂದು ತಿಂಗಳು ನನ್ನ ಹೆಸರೇ 'ಶೀತ' ಆಯಿತು.

ರಾತ್ರಿಯೆಲ್ಲ ಕೂತು ಪ್ರಿನ್ಸಿಪಾಲರಿಗೆ ಆರು ಪುಟದ ದೂರು ಬರೆದೆ. ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಪ್ರಕಾರ ಸಕಾರಣವಿಲ್ಲದೆ ಯಾರನ್ನೂ, ಯಾರ ಕಾಗದಪತ್ರವನ್ನೂ ತಪಾಸಣೆ ಮಾಡುವಂತಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಬರೆದೆ. ಪ್ರಿನ್ಸಿಪಾಲರು ಅದನ್ನು ಮಿರಾಂಡಾ ಮೇಷ್ಟ್ರಿಗೆ ದಾಟಿಸಿದರು.

ಅವರು ಸ್ಟಾಫ್ ರೂಮಿಗೆ ಕರೆದರು. "ಆ ತಿದ್ದುಪಡಿ ನಮ್ಮ ಬಸ್ ಸ್ಟ್ಯಾಂಡ್ ದಾಟಿ ಬರಲ್ಲ ಕಣಯ್ಯ. 1954ರಲ್ಲೇ ನಮ್ಮ ಸುಪ್ರೀಂ ಕೋರ್ಟು ಎಂ.ಪಿ. ಶರ್ಮಾ ಕೇಸಿನಲ್ಲಿ ಅಂಥ ಖಾಸಗಿತನದ ಹಕ್ಕು ನಮ್ಮಲ್ಲಿಲ್ಲ ಅಂದಿದೆ. ಇರಲಿ, ಅಮೆರಿಕದಲ್ಲೇ ಇದ್ದೀಯ ಅಂದ್ಕೋ. ನಾಳೆ ಕ್ಲಾಸಿನಲ್ಲಿ ವಾದ ಮಾಡು. ನೀನು ವಾರ್ಡನ್ ಪರ."

ನನ್ನ ಕೈಗೆ ಒಂದು ಜೆರಾಕ್ಸ್ ಕಟ್ಟು ಕೊಟ್ಟರು. ಮದ್ರಾಸಿಗೆ ಹೋದಾಗ ಅಮೆರಿಕನ್ ಸೆಂಟರ್ ಲೈಬ್ರರಿಯಿಂದ ಮಾಡಿಸಿಕೊಂಡು ಬಂದದ್ದು. ನ್ಯೂಜೆರ್ಸಿ ವಿರುದ್ಧ ಟಿ.ಎಲ್.ಓ., ಅಮೆರಿಕದ ಸುಪ್ರೀಂ ಕೋರ್ಟಿನ 1985ರ ತೀರ್ಪು. ಟಿ.ಎಲ್.ಓ. ಅನ್ನುವುದು ಒಬ್ಬ ಹುಡುಗಿಯ ಹೆಸರಿನ ಮೊದಲಕ್ಷರಗಳು. ಹದಿನಾಲ್ಕು ವರ್ಷದ ಹುಡುಗಿ ಶಾಲೆಯ ಶೌಚಾಲಯದಲ್ಲಿ ಸಿಗರೇಟು ಸೇದಿ ಸಿಕ್ಕಿಬಿದ್ದಳು. ಸೇದಿಲ್ಲ ಅಂದಳು. ಸಹಾಯಕ ಉಪಪ್ರಾಂಶುಪಾಲರು ಪರ್ಸ್ ತೆಗೆದರು. ಸಿಗರೇಟು ಸಿಕ್ಕಿತು. ಇನ್ನೂ ಕೆದಕಿದರು: ಗಾಂಜಾ, ದುಡ್ಡು ಕೊಡಬೇಕಾದವರ ಪಟ್ಟಿ, ಎರಡು ಕಾಗದ. ನಾಲ್ಕನೇ ತಿದ್ದುಪಡಿ ಶಾಲೆಗೂ ಅನ್ವಯಿಸುತ್ತೆ, ಆದರೆ ಮೇಷ್ಟ್ರುಗಳಿಗೆ ವಾರೆಂಟ್ ಬೇಡ, ನ್ಯಾಯವಾದ ಅನುಮಾನ ಇದ್ದರೆ ಸಾಕು ಅಂತ ಕೋರ್ಟು ಹೇಳಿತು.

ಮಾರನೇ ದಿನ ಮೂರು ಸಲ ಹಾರಿದ ಫ್ಯೂಸನ್ನು ಹಿಡಿದು ನನ್ನ ವಿರುದ್ಧ ನಾನೇ ಭರ್ಜರಿ ವಾದ ಮಾಡಿದೆ. ಗೆದ್ದೆ. ಅಂದರೆ ಸೋತೆ. ಆಮೇಲೆ ಮೇಷ್ಟ್ರು ಮೆಲ್ಲಗೆ, "ಕಾಯಿಲ್ ಸಿಕ್ಕ ಮೇಲೆ ಕಾಗದ ಓದುವ ಅಧಿಕಾರ ಎಲ್ಲಿಂದ ಬಂತು?" ಅಂದರು. ಸಿಗರೇಟು ಸಿಕ್ಕ ಮೇಲೂ ಪರ್ಸ್ ಕೆದಕಿದ್ದು ತಪ್ಪು ಅಂತ ನ್ಯಾಯಮೂರ್ತಿ ಬ್ರೆನನ್ ಬರೆದ ಭಿನ್ನ ತೀರ್ಪನ್ನು ನಿಂತೇ ಓದಿದರು. ಯಾರೂ ನಗಲಿಲ್ಲ. ಸಂಜೆ ವಾರ್ಡನ್ ರೂಮಿಗೆ ಬಂದು ಇನ್‌ಲ್ಯಾಂಡ್ ಲೆಟರ್ ಕೊಟ್ಟು ಹೋದರು. ಕಾಯಿಲ್ ಕೊಡಲಿಲ್ಲ.

ಹೋದ ವರ್ಷ ಕಾಲೇಜಿನವರು ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಚೆನ್ನಾಗಿ ನೋಡಿಕೊಂಡರು, ಶಾಲು ದೊಡ್ಡದೇ ಇತ್ತು. ಮಕ್ಕಳನ್ನು ಮಿರಾಂಡಾ ಬಗ್ಗೆ ಕೇಳಿದೆ. "1966, ಐದು-ನಾಲ್ಕು" ಅಂತ ಒಂದೇ ಉಸಿರಿನಲ್ಲಿ ಹೇಳಿದರು. ಬಹು ಆಯ್ಕೆ ಪ್ರಶ್ನೆಗೆ ಅಷ್ಟು ಸಾಕು. ಆ ಮನುಷ್ಯ ಆಮೇಲೆ ಏನಾದ ಅಂತ ಒಬ್ಬರೂ ಕೇಳಲಿಲ್ಲ. ಅವರನ್ನು ಅಂದು ಏನು ಪ್ರಯೋಜನ? ನಮಗೂ ಹೇಳುವವರೊಬ್ಬರು ಇದ್ದರು, ಅಷ್ಟೇ.

2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅರ್ಜಿ ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂ.ಪಿ. ಶರ್ಮಾ ತೀರ್ಪಿನ ಆ ಭಾಗ ಬಿದ್ದುಹೋಯಿತು. ನಾನು ಫೋನ್ ಮಾಡುವ ಮೊದಲೇ ಮೇಷ್ಟ್ರ ಫೋನ್ ಬಂತು. ದನಿ ನಡುಗುತ್ತಿತ್ತು, ನಗು ಹಾಗೇ ಇತ್ತು.

"ನಿಮ್ಮಮ್ಮನ ಕಾಗದ ಗೆದ್ದಿತು ಕಣಯ್ಯ."

"ಹಾಗಾದರೆ ಕಾಯಿಲ್ ಸಾರ್?"

"ಅದನ್ನು ಕೇಳಬೇಡ. ಆರು ವರ್ಷ ಸ್ಟಾಫ್ ರೂಮಿನಲ್ಲಿ ಅದರಲ್ಲೇ ಟೀಗೆ ನೀರು ಕಾಯಿಸಿದ್ದೀವಿ."