ಮಧ್ಯಾಹ್ನದ ಥರ್ಮಾಮೀಟರ್ ನಂಬಿ ಕೆಟ್ಟೆ

ನನ್ನ ಕೆಲಸ ಮೀನು ಹಿಡಿಯುವುದಲ್ಲ, ಹಿಡಿಸುವುದು. ಬೆಳಕು ಹರಿಯುವ ಮುಂಚೆ ಗಿರಾಕಿಗಳನ್ನು ದೋಣಿಗೆ ಹತ್ತಿಸಿಕೊಳ್ಳಬೇಕು, ಮೀನು ಇರುವ ಜಾಗಕ್ಕೆ ಕರೆದುಕೊಂಡು ಹೋಗಬೇಕು, ಗಾಳ ಎಲ್ಲಿಗೆ ಎಸೆಯಬೇಕು ಅಂತ ತೋರಿಸಬೇಕು. ಮೀನು ಸಿಕ್ಕರೆ ಅದು ಅವರ ಕೈಗುಣ. ಸಿಗದಿದ್ದರೆ ನನ್ನ ತಪ್ಪು. ಈ ಲೆಕ್ಕಕ್ಕೆ ಒಪ್ಪಿದವರು ಮಾತ್ರ ಗೈಡ್ ಕೆಲಸಕ್ಕೆ ಬರಬೇಕು.

ನಾವು ಹುಡುಕುವ ಮೀನು ಲಾರ್ಜ್‌ಮೌತ್ ಬ್ಯಾಸ್. ಬಾಸ್ ಅಲ್ಲ, ಬ್ಯಾಸ್. ಆದರೆ ತಪ್ಪಿ ಬಾಸ್ ಅಂದರೂ ಪರವಾಗಿಲ್ಲ. ಅದರ ಮೂಡ್ ನೋಡಿಕೊಂಡೇ ತಾನೇ ನಮ್ಮ ದಿನ ಸಾಗಬೇಕು?

ನನಗೆ ಫೋನ್ ಜಾಸ್ತಿ ಬರುವುದು ವಸಂತದ ಶುರುವಿನಲ್ಲಿ. ಚಳಿಗಾಲವಿಡೀ ಆಳದಲ್ಲಿ ಮಂಕಾಗಿ ಬಿದ್ದಿದ್ದ ಮೀನು, ನೀರು 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದ ಹಾಗೆ ಮೈಕೊಡವಿಕೊಂಡು ದಡದ ಕಡೆ ಹೊರಡುತ್ತದೆ. 16ರಿಂದ 18 ಡಿಗ್ರಿಗೆ ಬಂದು ನಿಂತರೆ, ಗಂಡು ಮೀನು ಮೊಣಕಾಲಿನಿಂದ ಎದೆಮಟ್ಟದ ನೀರಿನಲ್ಲಿ ಜಾಗ ಹುಡುಕಿ, ಬಾಲದಿಂದ ತಳ ಗುಡಿಸಿ, ತಟ್ಟೆಯಂಥ ಗುಂಡಿ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಬಾಣಂತನ ಪೂರ್ತಿ ಅಪ್ಪನದು. ಮೊಟ್ಟೆ ಒಡೆದು ಮರಿಗಳು ಈಜಾಡುವವರೆಗೂ ಅವನೇ ಕಾವಲು.

ಈ 10ಕ್ಕೂ 16ಕ್ಕೂ ನಡುವಿನ ಕೆಲವು ವಾರಗಳೇ ನಮ್ಮ ಸುಗ್ಗಿ. ಹೆಣ್ಣು ಮೀನಿನ ಹೊಟ್ಟೆ ತುಂಬಾ ಮೊಟ್ಟೆ. ವರ್ಷದಲ್ಲಿ ಅದು ಇಷ್ಟು ತೂಕ ತೂಗುವುದು ಆಗ ಮಾತ್ರ. ಹಸಿವೂ ಇರುತ್ತದೆ. ಒಂದೇ ತೊಂದರೆ ಅಂದರೆ, ಅದು ಇವತ್ತು ಇದ್ದ ಜಾಗದಲ್ಲಿ ನಾಳೆ ಇರುವುದಿಲ್ಲ.

ಮೂರನೇ ವರ್ಷದ ಹಂಗಾಮಿನಲ್ಲಿ ನಾನು ಮಾಡಿಕೊಂಡ ಎಡವಟ್ಟು ಈ ವಿಷಯದ್ದೇ.

ನಾಲ್ಕು ದಿನ ಒಳ್ಳೆ ಬಿಸಿಲು ಬಿದ್ದಿತ್ತು. ನಾಲ್ಕನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಸರೋವರದ ಉತ್ತರದ ಕೊಲ್ಲಿಗೆ ಸುಮ್ನೆ ಒಂದು ಸುತ್ತು ಹಾಕಿದೆ. ವಸಂತದಲ್ಲಿ ಮೊದಲು ಬಿಸಿಯಾಗುವುದು ಅಂಥ ಮೂಲೆಗಳೇ. ಬಿಸಿಲು ದಕ್ಷಿಣದಿಂದ ಓರೆಯಾಗಿ ಬಂದು ನೇರ ಅಲ್ಲಿಗೆ ಬೀಳುತ್ತದೆ, ಉತ್ತರದ ತಣ್ಣನೆ ಗಾಳಿಗೆ ದಡವೇ ಅಡ್ಡ. ತಳದಲ್ಲಿ ಕಪ್ಪು ಕೆಸರಿದ್ದರೆ ಅದೂ ಬಿಸಿ ಹೀರಿಕೊಳ್ಳುತ್ತದೆ. ದೋಣಿಯ ಪರದೆ 16.2 ತೋರಿಸಿತು. ನನಗೆ ಖುಷಿಯೋ ಖುಷಿ. ಮಾರನೆಯ ದಿನದ ಗಿರಾಕಿಗಳಿಗೆ ಅಲ್ಲಿಂದಲೇ ಮೆಸೇಜ್ ಕಳಿಸಿದೆ: 'ಮೀನು ದಡಕ್ಕೆ ಬಂದಿದೆ. ನಾಳೆ ಬೇಗ ಬನ್ನಿ.'

ಗಾಳವನ್ನು ಒಂದು ಸಲವೂ ನೀರಿಗೆ ಹಾಕಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಬಂದವರು ತಂದೆ ಮತ್ತು ಕಾಲೇಜಿಗೆ ಹೋಗುವ ಮಗಳು. ಅಪ್ಪನಿಗೆ ಹಳೇ ಅನುಭವ, ಮಗಳಿಗೆ ಹೊಸದು. ರಾತ್ರಿ ಮೋಡವಿಲ್ಲದ ಆಕಾಶ, ಒಳ್ಳೆ ಚಳಿ. ಬೆಳಿಗ್ಗೆ ಅದೇ ಕೊಲ್ಲಿಯೊಳಗೆ ಹೋದಾಗ ಪರದೆಯಲ್ಲಿ 11.4. 'ಬಿಸಿಲೇರಲಿ, ಸರಿಹೋಗುತ್ತೆ' ಅಂದೆ. ಅವರಿಗೆ ಅಂದಿದ್ದೋ ನನಗೇ ಅಂದುಕೊಂಡಿದ್ದೋ ಗೊತ್ತಿಲ್ಲ.

ಎಂಟು ಗಂಟೆಯಾಯಿತು, ಒಂಬತ್ತಾಯಿತು. ಜೊಂಡಿನ ಅಂಚು, ಬಿದ್ದ ಮರ, ಕಲ್ಲಿನ ದಡ, ಎಲ್ಲಾ ಕಡೆ ಎಸೆದಿದ್ದಾಯಿತು. ಸಿಕ್ಕಿದ್ದು ಅಂಗೈಗಿಂತ ಸ್ವಲ್ಪ ಉದ್ದದ ಎರಡು ಗಂಡು ಮೀನು. ಮೀನು ಕೊಡಲಾಗದ ಗೈಡ್ ಏನು ಮಾಡುತ್ತಾನೆ ಗೊತ್ತಲ್ವಾ? ಕಥೆ ಹೇಳುತ್ತಾನೆ. ನಾನೂ ಶುರು ಮಾಡಿದೆ. ಅಮೆರಿಕದ ಜಾರ್ಜಿಯಾದ ಮಾಂಟ್ಗೊಮೆರಿ ಲೇಕ್‌ನಲ್ಲಿ 1932ರ ಜೂನ್ 2ರಂದು ಜಾರ್ಜ್ ಪೆರಿ ಹಿಡಿದ, ವಿಶ್ವ ದಾಖಲೆಯ 22 ಪೌಂಡ್ 4 ಔನ್ಸ್ ಬ್ಯಾಸ್‌ನ ಕಥೆ, ಅಂದರೆ ಹತ್ತು ಕೆ.ಜಿ.ಗೂ ಜಾಸ್ತಿ. ಆಮೇಲೆ 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು. ಅದು ಪೆರಿಯ ಮೀನಿಗಿಂತ ಒಂದು ಔನ್ಸ್‌ನಷ್ಟು ಹೆಚ್ಚು ತೂಗಿತು. ಆದರೆ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕು ಅನ್ನುವುದು ನಿಯಮ. ಹಾಗಾಗಿ ಇಬ್ಬರೂ ಸಮ.

ಮಗಳು ಎಲ್ಲಾ ಕೇಳಿಸಿಕೊಂಡು ಹೇಳಿದಳು: "ಒಂದು ಜೂನ್‌ನಲ್ಲಿ, ಇನ್ನೊಂದು ಜುಲೈನಲ್ಲಿ. ಹಾಗಾದ್ರೆ ನಾವು ಈಗ್ಯಾಕೆ ಬಂದಿದ್ದೀವಿ?"

ಅಪ್ಪ ನಕ್ಕರು. ನಾನೂ ನಕ್ಕೆ. ಹಲ್ಲು ಮಾತ್ರ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಇನ್ನೊಂದು ಕೇಳಿದಳು. "ನಿನ್ನೆ ಇಲ್ಲಿ ಮೀನು ನೋಡಿದ್ರಾ ನೀವು?"

ಹ್ಞೂಂ ಅಂದುಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ, ನೀರಿನ ಬಿಸಿ ನೋಡಿದೆ" ಅಂದೆ. ಅಪ್ಪ ಏನೂ ಅನ್ನಲಿಲ್ಲ, ರೀಲ್ ಸುತ್ತುತ್ತಾ ಕೂತರು. ಬೈಯುವ ಗಿರಾಕಿಯನ್ನು ಹೇಗೋ ಸಂಭಾಳಿಸಬಹುದು. ಮಾತಾಡದೆ ರೀಲ್ ಸುತ್ತುವವರ ಎದುರು ನಿಲ್ಲುವುದು ಕಷ್ಟ.

ಮೋಟರ್ ನೋಡುವ ನೆಪದಲ್ಲಿ ದೋಣಿಯ ಹಿಂತುದಿಗೆ ಹೋಗಿ, ನನಗೆ ಕೆಲಸ ಕಲಿಸಿದ ಹಿರಿಯ ಗೈಡ್‌ಗೆ ಫೋನ್ ಮಾಡಿದೆ. ನಲವತ್ತು ವರ್ಷದಿಂದ ಇದೇ ನೀರಿನ ಮೇಲಿರುವವರು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಬೆಳಿಗ್ಗೆ ಎಷ್ಟಿತ್ತು?"

"ಹನ್ನೊಂದೂವರೆ. ಆದ್ರೆ ಸರ್, ನಿನ್ನೆ ಮಧ್ಯಾಹ್ನ ಹದಿನಾರು..."

"ನೋಡಪ್ಪಾ, ಮಧ್ಯಾಹ್ನದ ಬಿಸಿ ಸಾಲದ ದುಡ್ಡು. ರಾತ್ರಿ ಬಂದು ವಸೂಲಿ ಮಾಡ್ಕೊಂಡು ಹೋಗುತ್ತೆ. ಬೆಳಿಗ್ಗೆ ಎಷ್ಟು ಉಳಿದಿದೆಯೋ ಅದು ಮಾತ್ರ ನೀರಿನ ಸ್ವಂತದ್ದು. ನಿನ್ನ ಮೀನು ಇನ್ನೂ ಬಾಗಿಲಲ್ಲೇ ನಿಂತಿದೆ. ನೀನು ಹೋಗಿ ನಡುಮನೆಯಲ್ಲಿ ಹುಡುಕ್ತಾ ಇದೀಯ."

ಫೋನ್ ಇಟ್ಟರು. ಅವರು ಯಾವಾಗಲೂ ಹಾಗೆಯೇ.

ಆಮೇಲೆ ಯೋಚಿಸಿದರೆ ಎಷ್ಟು ಸರಳ ಅನ್ನಿಸಿತು. ದೋಣಿಯ ಥರ್ಮಾಮೀಟರ್ ಕೂತಿರುವುದು ಹಿಂಬದಿಯಲ್ಲಿ, ನೀರಿನ ಮೇಲ್ಪದರದಲ್ಲಿ. ಗಾಳಿಯಿಲ್ಲದ ಬಿಸಿಲಿನ ಮಧ್ಯಾಹ್ನ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ನೀರಿನ ಮೇಲೆ ಬಿಸಿ ಕಟ್ಟುತ್ತದೆ. ಬಿಸಿನೀರು ಹಗುರ, ಮೇಲೇ ನಿಲ್ಲುತ್ತದೆ. ನಾನು ಓದಿದ್ದು ಆ ಕೆನೆಯ ಬಿಸಿ. ಮೀನಿರುವುದು ಕೆಳಗೆ. ರಾತ್ರಿಯ ಚಳಿಗೆ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿದು ಬೆರೆಯುತ್ತದೆ. ಹಾಗೆ ಬೆರೆತ ಮೇಲೆ ಬೆಳಗಿನ ಜಾವ ಸಿಗುವ ಅಂಕಿಯೇ ನಿಜಕ್ಕೆ ಹತ್ತಿರ. ಅದು ದಿನದಿಂದ ದಿನಕ್ಕೆ ಏರುತ್ತಿದೆಯಾ, ನಿಂತಿದೆಯಾ, ಇಳಿದಿದೆಯಾ ಅನ್ನುವುದನ್ನು ನೋಡಬೇಕು. ನಾನು ಒಂದು ದಿನದ ಅತಿ ಹೆಚ್ಚಿನ ಅಂಕಿ ಹಿಡಿದುಕೊಂಡು ಕುಣಿದಿದ್ದೆ.

ಇಷ್ಟಕ್ಕೂ ಚಳಿಗಾಲದ ಆಳದಿಂದ ಹೊರಟ ಬ್ಯಾಸ್ ಒಂದೇ ಏಟಿಗೆ ದಡಕ್ಕೆ ಬರುವುದಿಲ್ಲ. ತಂಗುತ್ತಾ ತಂಗುತ್ತಾ ಬರುತ್ತದೆ. ಕೊಲ್ಲಿಯ ಬಾಯಲ್ಲಿ ದಡದ ನೆಲ ನೀರೊಳಗೆ ಮೂಗಿನ ಹಾಗೆ ಚಾಚಿಕೊಂಡಿರುತ್ತದೆ. ಅದಕ್ಕೆ ನಾವು ಪಾಯಿಂಟ್ ಅನ್ನುತ್ತೇವೆ. ಅಣೆಕಟ್ಟಿನ ಹಿನ್ನೀರಾದರೆ ಮುಳುಗಿದ ಹಳೇ ಹಳ್ಳದ ಪಾತ್ರ ಒಂದು ಕಡೆ ಆ ಪಾಯಿಂಟಿನ ಪಕ್ಕಕ್ಕೇ ಬಾಗಿ ಬರುತ್ತದೆ. ಒಂದು ಪಕ್ಕ ಆಳ, ಇನ್ನೊಂದು ಪಕ್ಕ ದಡದ ದಾರಿ. ಬಿಸಿ ಏರಿದರೆ ಮೇಲೆ ಹೋಗಬಹುದು, ಚಳಿ ತಿರುಗಿದರೆ ಪಕ್ಕದಲ್ಲೇ ಆಳಕ್ಕೆ ಇಳಿಯಬಹುದು. ದಪ್ಪ ಹೆಣ್ಣು ಮೀನುಗಳು ಅಂಥ ಜಾಗದಲ್ಲಿ ದಿನಗಟ್ಟಲೆ ಕಾಯುತ್ತವೆ. ದಡಕ್ಕೆ ಮುಂಚೆ ನುಗ್ಗುವುದು ಸಣ್ಣ ಗಂಡುಗಳು. ಬೆಳಿಗ್ಗೆ ಸಿಕ್ಕ ಆ ಎರಡು ಪುಟ್ಟ ಮೀನು ಇದನ್ನೇ ಹೇಳುತ್ತಿದ್ದವು. ನಾನು ಕಿವಿಗೊಡಲಿಲ್ಲ.

ಗಿರಾಕಿಗಳ ಹತ್ತಿರ ವಾಪಸ್ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾನು ಲೆಕ್ಕ ತಪ್ಪಿದೆ ಸರ್. ಮೀನು ಇನ್ನೂ ಇಲ್ಲಿಗೆ ಬಂದಿಲ್ಲ. ಹಿಂದಕ್ಕೆ ಹೋಗೋಣ." ಅಪ್ಪ, "ಇದನ್ನ ಎರಡು ಗಂಟೆ ಮುಂಚೆ ಹೇಳ್ಬೇಕಿತ್ತು" ಅಂದರು. ಮಾತಾಡಿದರಲ್ಲ ಅಂತ ಸಮಾಧಾನವಾಯಿತು.

ಪಾಯಿಂಟಿನ ಮೇಲೆ ಮೂರು-ನಾಲ್ಕು ಮೀಟರ್ ನೀರು. ಇಬ್ಬರಿಗೂ ಜರ್ಕ್‌ಬೇಟ್ ಕಟ್ಟಿಕೊಟ್ಟೆ. ಸಣ್ಣ ಮೀನಿನ ಆಕಾರದ ಹುಸಿ ಎರೆ ಅದು. ಎಳೆದರೆ ಪಕ್ಕಕ್ಕೆ ಚಿಮ್ಮುತ್ತದೆ, ಬಿಟ್ಟರೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ, ನೀರಿನ ನಡುವೆ ನಿಂತುಬಿಡುತ್ತದೆ. ಆ ನಿಲ್ಲುವುದರಲ್ಲೇ ಎಲ್ಲಾ ಇರುವುದು. ತಣ್ಣನೆ ನೀರಿನಲ್ಲಿ ಬ್ಯಾಸ್‌ನ ಮೈಯೂ ತಣ್ಣಗಿರುತ್ತದೆ, ಅಟ್ಟಿಸಿಕೊಂಡು ಹೋಗುವ ಉಮೇದು ಇರುವುದಿಲ್ಲ. ಚಳಿಗೆ ಸೋತು ನಿಂತ ಮೀನು ಕಂಡರೆ ಮೆಲ್ಲಗೆ ಬಂದು ನುಂಗುತ್ತದೆ. ಹಾಗಾಗಿ ಎರಡು ಸಲ ಎಳೆ, ಹತ್ತು ಎಣಿಸು. ಮತ್ತೆ ಎರಡು ಸಲ ಎಳೆ, ಹತ್ತು ಎಣಿಸು.

ಹತ್ತು ಎಣಿಸುವುದು ಎಷ್ಟು ಕಷ್ಟ ಅಂತ ಹೊಸಬರಿಗೆ ಹೇಳಿಕೊಟ್ಟವರಿಗೇ ಗೊತ್ತು. ಎಲ್ಲರೂ ಒಂದು, ಎರಡು, ಮೂರು ಅಂದವರೇ ನೇರ ಹತ್ತಕ್ಕೆ ಹಾರುತ್ತಾರೆ. ಮಗಳು ಅರ್ಧ ಗಂಟೆ ಎಣಿಸಿ, "ಅಪ್ಪಾ, ಈ ಬ್ಯಾಸ್ ಹಿಡಿಯೋದು ಬಲು ಬ್ಯಾಸರ" ಅಂದಳು. ರಾಡನ್ನು ಮಡಿಲಲ್ಲಿ ಇಟ್ಟುಕೊಂಡು ಜಾಕೆಟ್ಟಿನ ಜಿಪ್ ಎಳೆಯತೊಡಗಿದಳು. ಜಿಪ್ ಸಿಕ್ಕಿಕೊಂಡಿತು. ಇಪ್ಪತ್ತು ಸೆಕೆಂಡೋ ಮೂವತ್ತು ಸೆಕೆಂಡೋ, ಎರೆ ಹಾಗೇ ನೀರಲ್ಲಿ ನಿಂತಿತ್ತು. ದಾರ ಮೆಲ್ಲಗೆ ಪಕ್ಕಕ್ಕೆ ಸರಿಯುವುದನ್ನು ಮೊದಲು ನೋಡಿದ್ದು ಅವರಪ್ಪ.

"ಪುಟ್ಟೀ, ರಾಡು!"

ದೋಣಿಗೆ ಬಂದ ಹೆಣ್ಣು ಮೀನು ಮೂರು ಕೆ.ಜಿ.ಗೆ ಐವತ್ತು ಗ್ರಾಂ ಕಡಿಮೆ. ಹೊಟ್ಟೆ ತುಂಬಿಕೊಂಡು ಗುಂಡಗಿತ್ತು.

ಕೈಯಲ್ಲಿ ಹಿಡಿದುಕೊಳ್ಳುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಲು ಹೇಳಿದೆ. ಒಣಗಿದ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಅದಕ್ಕೆ ರೋಗ ತಗಲದಂತೆ ಕಾಯುವುದು ಆ ಲೋಳೆಯೇ. ಬರೀ ದವಡೆ ಹಿಡಿದು ಅಡ್ಡಡ್ಡ ನೇತಾಡಿಸಿ ಫೋಟೋ ತೆಗೆಸಿಕೊಳ್ಳುವ ಚಾಳಿ ಕೆಲವರಿಗಿದೆ. ಇಷ್ಟು ತೂಕದ ಮೀನಿಗೆ ಅದರಿಂದ ದವಡೆಯೇ ಕೆಡಬಹುದು. ಒಂದು ಕೈ ದವಡೆಗೆ, ಇನ್ನೊಂದು ಹೊಟ್ಟೆಯ ಕೆಳಗೆ. ಎರಡು ಫೋಟೋ, ವಾಪಸ್ ನೀರಿಗೆ. ಅಪ್ಪನಿಗೆ ಇನ್ನೂ ಸ್ವಲ್ಪ ಹೊತ್ತು ದೋಣಿಯ ನೀರಿನ ಟ್ಯಾಂಕಿನಲ್ಲಿ ಇಟ್ಟುಕೊಳ್ಳುವ ಆಸೆಯಿತ್ತು. ಈ ವಿಷಯದಲ್ಲಿ ಮಾತ್ರ ನಾನು ಗಿರಾಕಿಯ ಮಾತು ಕೇಳುವುದಿಲ್ಲ. ಬ್ಯಾಸ್ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿಯನ್ನು ಅಮೆರಿಕದಲ್ಲಿ ಆ ಸ್ಪರ್ಧೆ ನಡೆಸುತ್ತಿದ್ದ ರೇ ಸ್ಕಾಟ್ ತಂದದ್ದು 1972ರಲ್ಲಿ. ಅಷ್ಟು ವರ್ಷದಿಂದ ನಡೆದುಬಂದದ್ದಕ್ಕೆ ನಾನು ಹೊಸದಾಗಿ ವಾದ ಮಾಡಬೇಕಾಗಿಲ್ಲ.

ಆ ದಿನ ಅಲ್ಲಿ ಇನ್ನೂ ನಾಲ್ಕು ಮೀನು ಸಿಕ್ಕವು. ನಾಲ್ಕೂ ಅದೇ ಮೂಗಿನ ಒಂದೇ ಪಕ್ಕದಲ್ಲಿ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮೊದಲು ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತಿದ್ದದ್ದು ಎಷ್ಟು ಮೀನು, ಎಷ್ಟು ತೂಕ, ಯಾವ ಎರೆ. ಜಂಬದ ಲೆಕ್ಕ. ಈಗ ಮೊದಲ ಸಾಲು ಬೆಳಗಿನ ಅಂಕಿ, ದಿನಾ ಅದೇ ಜಾಗದಲ್ಲಿ, ಸೂರ್ಯ ಹುಟ್ಟುವ ಮುಂಚೆ. ಪಕ್ಕದಲ್ಲಿ ಹಿಂದಿನ ಮೂರು ದಿನದ ಗಾಳಿಯ ದಿಕ್ಕು. ಬೆಚ್ಚನೆ ಗಾಳಿ ಎರಡು-ಮೂರು ದಿನ ಒಂದೇ ಕಡೆ ಬೀಸಿದರೆ ಮೇಲಿನ ಬಿಸಿನೀರನ್ನೆಲ್ಲಾ ಎದುರು ದಡಕ್ಕೆ ತಳ್ಳಿ ಆಳದವರೆಗೂ ತುಂಬುತ್ತದೆ. ಆಗ ಉತ್ತರದ ಮೂಲೆಗಿಂತ ಆ ದಡವೇ ಬೆಚ್ಚಗಿರಬಹುದು. ಎಲ್ಲರೂ ಗಾಳಿ ತಪ್ಪಿಸಿಕೊಳ್ಳಲು ಮರೆಯ ಕಡೆ ಹೋಗುತ್ತಾರೆ, ನಾನು ಅಲೆ ಬಡಿಯುವ ಕಡೆ ಹೋಗುತ್ತೇನೆ. ದೋಣಿ ನಿಲ್ಲಿಸುವುದು ತಲೆನೋವು, ಅದು ಬೇರೆ ಮಾತು.

ಇನ್ನೊಂದು ಹುಚ್ಚೂ ಹತ್ತಿದೆ. ಒಂದು ಸಣ್ಣ ಬಾಟಲಿಗೆ ಭಾರ ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಮೂರು ಮೀಟರ್ ಇಳಿಸುತ್ತೇನೆ. ಅಲ್ಲಿ ಬಿರಡೆ ಎಳೆದರೆ ಆ ಆಳದ ನೀರೇ ತುಂಬಿಕೊಳ್ಳುತ್ತದೆ. ಬೇಗ ಮೇಲೆತ್ತಿ ಥರ್ಮಾಮೀಟರ್ ಅದ್ದಿದರೆ ಮುಗಿಯಿತು. ದೋಣಿಯಲ್ಲಿ ಅಷ್ಟು ದುಬಾರಿ ಪರದೆಗಳಿರುವಾಗ ಬಾಟಲಿ ಇಳಿಸುವುದನ್ನು ನೋಡಿ ಕೆಲವು ಗಿರಾಕಿಗಳು ಮುಖಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಹಿಂದಿನ ದಿನವೇ ಕಳಿಸುತ್ತಿದ್ದ ಮೆಸೇಜ್ ನಿಲ್ಲಿಸಿದ್ದೇನೆ. 'ಮೀನು ಬಂದಿದೆ' ಅಂತ ಬರೆಯುವುದು ಮೀನು ಕಂಡ ಮೇಲೆ ಮಾತ್ರ. ಬಿಸಿ ಕಂಡರೆ 'ನೀರು ಬಿಸಿಯಾಗಿದೆ' ಅಂತಷ್ಟೇ ಬರೆಯುತ್ತೇನೆ. ಇದರಿಂದ ಒಂದಿಬ್ಬರು ಗಿರಾಕಿಗಳು ಬೇರೆಯವರ ದೋಣಿ ಹತ್ತಿದ್ದೂ ಉಂಟು.

ಆ ತಪ್ಪಾದ ದಿನದಿಂದ ಹನ್ನೊಂದನೇ ಬೆಳಿಗ್ಗೆ ಕೊಲ್ಲಿಯೊಳಗಿನ ನೀರು ಸೂರ್ಯ ಹುಟ್ಟುವ ಮುಂಚೆಯೇ 15.1 ಇತ್ತು. ಹಿಂದಿನ ಮೂರು ದಿನವೂ ಏರಿತ್ತು, ಒಂದು ದಿನವೂ ಇಳಿದಿರಲಿಲ್ಲ. ಜೊಂಡಿನ ಅಂಚಿನಲ್ಲಿ ದಪ್ಪ ಮೀನಿನ ನೆರಳು ಕಣ್ಣಿಗೇ ಕಂಡಿತು. ಅವತ್ತಿನ ಗಿರಾಕಿಗಳು ಬೇರೆ. ಅವರು ಹಿಡಿದ ಮೀನಿನ ಫೋಟೋವನ್ನು ಆ ತಂದೆ-ಮಗಳಿಗೂ ಕಳಿಸಿದೆ, 'ಈಗ ಬಂದಿದೆ ನೋಡಿ' ಅಂತ.

ಉತ್ತರ ಬಂದದ್ದು ಮಗಳಿಂದ: 'ಬೆಳಿಗ್ಗೆ ಎಷ್ಟಿತ್ತು?'