ಏನಿಲ್ಲ ಸಾರ್, ಮುದುಕ ಸತ್ತ ಅಷ್ಟೆ

ಈ ಭಾನುವಾರ ‘ತಿಥಿ’ ಸಿನಿಮಾ ಹಾಕಿದ್ದರು. ಮೊದಲ ದೃಶ್ಯ ಮುಗಿದ ಮೇಲೆ ಒಬ್ಬರು ಕತ್ತಲಲ್ಲಿ ತಡಕಾಡುತ್ತ ಬಂದು ಮುಂದಿನ ಸಾಲಲ್ಲಿ ಕೂತರು. “ಏನಾಯ್ತು ಇಲ್ಲೀವರೆಗೂ?” ಪಕ್ಕದ ಹುಡುಗ ಪರದೆಯಿಂದ ಕಣ್ಣು ಕೀಳದೆ ಹೇಳಿದ: “ಏನಿಲ್ಲ ಸಾರ್, ಮುದುಕ ಸತ್ತ ಅಷ್ಟೆ.” ಬಂದವರು ನೆಮ್ಮದಿಯಾಗಿ ಚಿಪ್ಸ್ ಪೊಟ್ಟಣ ಒಡೆದರು.

ಅಷ್ಟೆ ಅಂತೆ! ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ನೂರು ದಾಟಿದ ಸೆಂಚುರಿ ಗೌಡ ಮೊದಲು ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾವು ನಗುತ್ತೇವೆ. ಆಮೇಲೆ ಉಚ್ಚೆ ಹೊಯ್ಯಲು ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಕೊನೆಯ ಮಾತಿಲ್ಲ, ಎದೆ ಹಿಡಿದು ಒದ್ದಾಡುವುದಿಲ್ಲ.

ಇಲ್ಲಿ ಕೆಲಸ ಮಾಡುವುದು ವರಸೆ. ಬೈಗುಳ ಮೊದಲು, ಸಾವು ಆಮೇಲೆ. ಸಾವನ್ನೇ ಮೊದಲು ಇಟ್ಟಿದ್ದರೆ ಅದೊಂದು ದುಃಖದ ಕಥೆ ಅಂದುಕೊಂಡು ಮುಖ ಗಂಟು ಹಾಕಿ ಕೂರುತ್ತಿದ್ದೆವು. ಆಮೇಲೆ ಎಷ್ಟು ತಮಾಷೆ ಬಂದರೂ ನಗಲು ಅಳುಕು. ಜೊತೆಗೆ, ಹೆಣ ಬಿದ್ದ ಗಳಿಗೆಯಿಂದ ಹನ್ನೊಂದನೇ ದಿನದ ತಿಥಿಯ ಲೆಕ್ಕ ಶುರು. ಇನ್ನು ಒಬ್ಬೊಬ್ಬರೂ ಆ ಸಾವಿಗೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದೇ ಅವರ ಪರಿಚಯ. ಮಗ ಗಡ್ಡಪ್ಪನಿಗೆ ಏನೂ ಅಂಟುವುದಿಲ್ಲ, ಮೊಮ್ಮಗ ತಮ್ಮಣ್ಣನಿಗೆ ಜಮೀನು, ಮರಿಮಗ ಅಭಿಗೆ ಕುರಿ ಕಾಯುವವರ ಹುಡುಗಿ. ನಿರ್ದೇಶಕ ರಾಮ್ ರೆಡ್ಡಿ, ಜೊತೆಗೆ ಕಥೆ ಬರೆದ ಈರೇಗೌಡ ಇಬ್ಬರೂ ಬರೆಯುವಾಗಲೇ ಇದನ್ನು ಬಿಗಿ ಮಾಡಿಟ್ಟಿದ್ದಾರೆ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ್ದರಿಂದ ‘ಸಹಜವಾಗಿದೆ’ ಅಂತ ಹೊಗಳಿ ಕೈತೊಳೆದುಕೊಳ್ಳುವವರಿಗೆ ಈ ಬಿಗಿ ಕಾಣುವುದಿಲ್ಲ.

ಹೀಗೆ ಶುರುವಿನಲ್ಲೇ ಒಂದು ಗಡುವಿನ ಗಡಿಯಾರ ಇಡುವ ಕಸುಬು ಹಳೆಯದು. ಹಾಲಿವುಡ್ ನಿರ್ದೇಶಕ ಆರ್ಸನ್ ವೆಲ್ಸ್‌ನ ಸಿನಿಮಾ ‘ಟಚ್ ಆಫ್ ಈವಿಲ್’ (1958) ಶುರುವಾಗುವುದೇ ಕೈಯೊಂದು ಬಾಂಬಿನ ಟೈಮರ್ ತಿರುಗಿಸುವುದರಿಂದ. ಬಾಂಬು ಕಾರಿನ ಡಿಕ್ಕಿಗೆ ಹೋಗುತ್ತದೆ. ಮುಂದೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೇ ಶಾಟ್, ಮೆಕ್ಸಿಕೊ ಗಡಿಯ ಊರಿನ ಬೀದಿ, ಕಾರಿನ ಆಸುಪಾಸಿನಲ್ಲೇ ನಡೆಯುವ ಹೊಸ ಗಂಡ ಹೆಂಡತಿ. ಸ್ಟುಡಿಯೊದವರು ಅದರ ಮೇಲೆ ನಟರ, ತಂತ್ರಜ್ಞರ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಹೊದಿಸಿದರು. ಅಕ್ಷರ ಓದುವ ಕಣ್ಣು ಕಾರನ್ನು ಬಿಟ್ಟುಬಿಡುತ್ತದೆ. ವೆಲ್ಸ್ ಬರೆದಿಟ್ಟಿದ್ದ 58 ಪುಟಗಳ ಟಿಪ್ಪಣಿ ಹಿಡಿದು ಸಂಕಲನಕಾರ ವಾಲ್ಟರ್ ಮರ್ಚ್ 1998ರಲ್ಲಿ ಮರುಸಂಕಲನ ಮಾಡಿದಾಗ ಎರಡನ್ನೂ ತೆಗೆದರು. ಬೀದಿಯ, ಬಾರುಗಳ, ಕಾರ್ ರೇಡಿಯೊದ ಸದ್ದು ಉಳಿಯಿತು. ಆಗ ಕಾರು ಮರೆಯಾದರೂ ಅದರ ರೇಡಿಯೊ ಕೇಳಿಸಿ ಹೊಟ್ಟೆ ತಳಮಳಿಸುತ್ತದೆ. ಶಾಟ್ ಅದೇ!

ನಮ್ಮ ಕಿರುಚಿತ್ರಗಳು ಮಾತ್ರ ಇನ್ನೂ ಅಲಾರಂ, ಹಲ್ಲುಜ್ಜುವುದು, ಕನ್ನಡಿಗಳಲ್ಲೇ ಎದ್ದೇಳುತ್ತಿವೆ. ಹಲ್ಲು ಎಲ್ಲರೂ ಉಜ್ಜುತ್ತಾರೆ. ಪೇಸ್ಟ್ ಮುಗಿದಾಗ ಟ್ಯೂಬನ್ನು ಕತ್ತರಿಸಿ ಬಳಿಯುವವನೋ, ಅಣ್ಣನ ಟ್ಯೂಬಿಗೆ ಕೈ ಹಾಕುವವನೋ ಅಂತ ತೋರಿಸಿದರೆ ಆಸಾಮಿ ಸಿಗುತ್ತಾನೆ.

ತಿಥಿ ಊಟದ ಹೊತ್ತಿಗೆ ಹಾಲ್ ಪೂರ್ತಿ ನಗುತ್ತಿತ್ತು. ತಡವಾಗಿ ಬಂದವರು ಪಕ್ಕಕ್ಕೆ ವಾಲಿದರು. “ಸಾವಿನ ಮನೆ ಅಲ್ವೇನಪ್ಪ, ಯಾಕೆ ಎಲ್ರೂ ನಗ್ತಿದಾರೆ?”

ಹುಡುಗ ಈ ಸಲ ಉತ್ತರ ಕೊಡಲಿಲ್ಲ. ನಗುತ್ತಿದ್ದ.